ಆಲದ ಕೆಳಗೆ ಒಂದು ಕಾರಿನಷ್ಟು ಜಾಗ

ಕರೆಂಟ್ ಬರುವಷ್ಟರಲ್ಲಿ ಹೇಳಿ ಮುಗಿಸುತ್ತೇನೆ. ಆ ಮೊಬೈಲ್ ಟಾರ್ಚ್ ಆರಿಸಿ... ಹಾಂ. ಹೀಗೇ ಇರಲಿ.

ಇದು ನಮ್ಮ ಎದುರು ಮನೆಯ ಶ್ರವಣ್‌ಗೆ ಆದದ್ದು. ಜಯಾನಂದಣ್ಣನ ಮಗ. ಇಲ್ಲೇ ಮಾರ್ಕೆಟ್ಟಿನಲ್ಲಿ ಅವರ ಹೋಟೆಲಿದೆ, ನೀವೆಲ್ಲ ಅಲ್ಲಿ ನೀರ್ ದೋಸೆ ತಿಂದವರೇ. ಹೋದ ವರ್ಷ ದೀಪಾವಳಿಗೆ ಸ್ವಲ್ಪ ಮೊದಲು. ಮಳೆಗಾಲ ಮುಗಿದು, ಮಯೂರ್ ವಿಹಾರದ ಮೇಲೆ ದಿಲ್ಲಿಯ ಹೊಗೆ ಇಳಿಯಲು ಶುರುವಾಗಿತ್ತು.

ಹುಡುಗ ಹೋಟೆಲ್ ಮುಚ್ಚಿ ನಡೆದುಕೊಂಡು ಬರುತ್ತಿದ್ದ. ಒಬ್ಬನೇ. ಕಾರಿದ್ದೂ ನಡೆಯುತ್ತಿದ್ದ... ಯಾಕೆ ಅಂತ ಆಮೇಲೆ ಹೇಳುತ್ತೇನೆ. ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿ ಗೇಟಿನ ಆಚೆ ಆಲದ ಮರ ಇದೆಯಲ್ಲ, ಅದರ ಕೆಳಗೆ ಅವನ ಕಾರು ನಿಂತಿತ್ತು. ಬ್ಯಾಟರಿ ಬಿಚ್ಚಿ ಮನೆಯೊಳಗೆ ಇಟ್ಟಿದ್ದರು. ಕೀಲಿ ಅವನ ಜೇಬಿನಲ್ಲಿತ್ತು.

ಮರದ ಹತ್ತಿರ ಬಂದ. ಬೀದಿ ನಾಯಿಗಳು ಸುಮ್ಮನಿದ್ದವು. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

ಚಿರ್... ಚಿರ್... ಚಿರ್... ಖಟ್.

ನಿಂತ.

ಮತ್ತೆ. ಚಿರ್... ಚಿರ್... ಖಟ್.

ಕಾರು ಓಡಿಸುವವರಿಗೆ ಈ ಸದ್ದು ಗೊತ್ತು. ಕೀಲಿ ತಿರುಗಿಸಿದಾಗ ಸ್ಟಾರ್ಟರ್ ಇಂಜಿನ್ನನ್ನು ತಿರುಗಿಸಲು ಒದ್ದಾಡುತ್ತದೆ. ಆಗದಿದ್ದರೆ ಲೋಹಕ್ಕೆ ಲೋಹ ಬಡಿದು ನಿಲ್ಲುತ್ತದೆ. ಇಂಜಿನ್ನಿನ ಹೊಟ್ಟೆಗೆ ನೀರು ಹೋದಾಗ ಹಾಗಾಗುತ್ತದೆ.

ಆ ಸದ್ದನ್ನು ಶ್ರವಣ್ ಮೊದಲೊಮ್ಮೆ ಕೇಳಿದ್ದ. ಯಾರಿಗೂ ಹೇಳಿರಲಿಲ್ಲ.

ನಗಬೇಡ ಪ್ರಜ್ವಲ್. ನಿನ್ನ ಹೊಸ ಕಾರಿನ ಮೂಗು ಎಲ್ಲಿದೆ ಗೊತ್ತಾ? ಗೊತ್ತಿಲ್ಲ. ಸನ್‌ರೂಫ್ ಎಲ್ಲಿದೆ ಅಂತ ಮಾತ್ರ ಗೊತ್ತು. ಇಂಜಿನ್ನೂ ಉಸಿರಾಡುತ್ತದಪ್ಪ. ಒಂದು ಕೊಳವೆಯಿಂದ ಗಾಳಿ ಎಳೆದುಕೊಳ್ಳುತ್ತದೆ. ಆ ಕೊಳವೆಯ ಬಾಯಿ ಮೇಲಿದ್ದರೆ ಸರಿ. ಕೆಳಗೆ, ಬಂಪರಿನ ಹಿಂದೆ ಇದ್ದರೆ, ರಸ್ತೆಯ ನೀರು ಮೊಣಕಾಲಿಗೆ ಬಂದರೂ ಸಾಕು. ಗಾಳಿಯ ಜೊತೆ ನೀರು ಕುಡಿಯುತ್ತದೆ. ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ. ನೀರು ಕುಗ್ಗುವುದಿಲ್ಲ. ಒಳಗಿನ ಕಬ್ಬಿಣದ ಸರಳು ಬಾಗುತ್ತದೆ, ಇಂಜಿನ್ ಅಲ್ಲೇ ಸಾಯುತ್ತದೆ. ಆಮೇಲೆ ನೀನು ಕೀಲಿ ತಿರುಗಿಸಿದಷ್ಟೂ ಸತ್ತದ್ದನ್ನೇ ಸಾಯಿಸುತ್ತೀಯ.

ಕಾರು ಮಾರುವ ಯಾವನೂ ಇದನ್ನು ಹೇಳುವುದಿಲ್ಲ. ಹಾಡು ಹೇಗೆ ಹಾಕಬೇಕು ಅಂತ ಅರ್ಧ ಗಂಟೆ ಕಲಿಸುತ್ತಾನೆ.

ಶ್ರವಣ್‌ನ ಕಾರಿನ ಮೂಗು ಮೊದಲು ಎತ್ತರದಲ್ಲೇ ಇತ್ತು. ಅವನೇ ಕೆಳಗಿಳಿಸಿದ್ದು. ದಿಲ್ಲಿ ಹುಡುಗರಿಗೆ ಒಂದು ಹುಚ್ಚು ಇದೆ. ಮಾರ್ಕೆಟ್ಟಿನಲ್ಲಿ ಬೇರೆ ಕೊಳವೆ ಸಿಗುತ್ತದೆ, ದಪ್ಪನೆಯದು. ಅದನ್ನು ಬಂಪರಿನ ಮೂಲೆಗೆ ಇಳಿಸಿ ಕೂರಿಸಿದರೆ ಕಾರು ಹುಲಿಯ ಹಾಗೆ ಗುರುಗುಡುತ್ತದೆ. ಅಷ್ಟೇ ಲಾಭ. ಜಯಾನಂದಣ್ಣ ಆಗಲೇ ಬೈದಿದ್ದರು, "ಹೋಟೆಲಿನ ಗ್ರೈಂಡರ್ ಸದ್ದು ಸಾಲದಾ ನಿಂಗೆ?" ಅಂತ.

ಆ ಜುಲೈ ರಾತ್ರಿ ನಿಮಗೂ ನೆನಪಿರಬೇಕು. ಸಂಜೆ ಹಿಡಿದ ಮಳೆ ಬಿಡಲೇ ಇಲ್ಲ. ಶ್ರವಣ್‌ನ ತಂಗಿ ರಶ್ಮಿತಾ ನೋಯ್ಡಾದ ಆಫೀಸಿನಲ್ಲಿ ಸಿಕ್ಕಿಕೊಂಡಳು. ಕ್ಯಾಬ್ ಇಲ್ಲ, ಆಟೋ ಇಲ್ಲ. ಇವನು ಹೋಗಿ ಕರೆದುಕೊಂಡು ಹೊರಟ. ದಾರಿಯಲ್ಲಿ ಆ ಅಂಡರ್‌ಪಾಸ್. ಅಲ್ಲಿ ನೀರು.

ಅಲ್ಲಿ ಪ್ರತಿ ವರ್ಷ ನೀರು. ನೀರೆತ್ತಲು ಪಂಪ್ ಇಟ್ಟಿದ್ದಾರೆ, ಅದು ಮಳೆಯಲ್ಲಿ ಓಡುವುದಿಲ್ಲ, ಬಿಸಿಲಲ್ಲಿ ಓಡುತ್ತದೆ. ದೊಡ್ಡವರು ನೋಡಲು ಬಂದ ದಿನ ಓಡುತ್ತದೆ. ಎಷ್ಟು ಆಳ ಅಂತ ತೋರಿಸುವ ಬೋರ್ಡ್ ಇಲ್ಲ, ಅಡ್ಡಗಟ್ಟೆ ಇಲ್ಲ, ನಿಂತು ಕೈ ತೋರಿಸುವ ಮನುಷ್ಯ ಇಲ್ಲ. ಈ ಇಲಾಖೆಗೆ ಹೋದರೆ ಆ ಇಲಾಖೆ ಅನ್ನುತ್ತಾರೆ, ಆ ಇಲಾಖೆಗೆ ಹೋದರೆ ಗೇಟಿನಲ್ಲೇ ಊಟದ ಸಮಯ.

ಶ್ರವಣ್ ಇಳಿಜಾರಿನ ತುದಿಯಲ್ಲಿ ನಿಲ್ಲಿಸಿದ. ಕೆಳಗೆ ಒಂದು ಹಳೆಯ ಚಿಕ್ಕ ಕಾರು ನೀರಿನಲ್ಲಿ ಹೋಗುತ್ತಿತ್ತು. ಬಹಳ ನಿಧಾನ... ಫಸ್ಟ್ ಗೇರಿನಲ್ಲಿ, ಒಂದೇ ವೇಗದಲ್ಲಿ, ಎಮ್ಮೆ ಕೆರೆ ದಾಟುವ ಹಾಗೆ. ಹಿಂದಿನ ಸೀಟಿನ ತುಂಬ ಚೆಂಡು ಹೂವಿನ ಮೂಟೆ. ಗಾಜೀಪುರದ ಹೂವಿನ ಮಂಡಿಗೆ ಹೊರಟ ಗಾಡಿ. ನೀರು ಅದರ ಮೂಗಿಗಿಂತ ಸ್ವಲ್ಪ ಕೆಳಗಿತ್ತು. ಹಾಗೇ ಹೋಗಿದ್ದರೆ ಆಚೆ ದಂಡೆ ಸೇರುತ್ತಿತ್ತು.

ಶ್ರವಣ್‌ಗೆ ಹಾಗೆ ಹೋಗಲು ಆಗುವಂತಿರಲಿಲ್ಲ. ಅವನ ಕಾರಿನ ಮೂಗು ಆಗಲೇ ನೀರಿಗೆ ಸಮ. ನಿಧಾನ ಹೋದರೆ ಕುಡಿಯುತ್ತದೆ. ಕಾರಿನ ಹುಚ್ಚಿನ ಗೆಳೆಯರು ಒಂದು ಉಪಾಯ ಹೇಳಿಕೊಟ್ಟಿದ್ದರು: ಜೋರಾಗಿ ನುಗ್ಗು. ಮುಂದೆ ಅಲೆ ಏಳುತ್ತದೆ, ಅಲೆಯ ಹಿಂದೆ ನೀರು ತಗ್ಗುತ್ತದೆ, ಆ ತಗ್ಗಿನಲ್ಲಿ ನಿನ್ನ ಇಂಜಿನ್ ಉಳಿಯುತ್ತದೆ. ಕಾಲು ಮಾತ್ರ ಎತ್ತಬೇಡ.

ಉಪಾಯ ಸುಳ್ಳಲ್ಲ. ಅಲೆ ಯಾರ ಮೇಲೆ ಹೋಗುತ್ತದೆ ಅನ್ನುವುದನ್ನು ಮಾತ್ರ ಅವರು ಹೇಳಿರಲಿಲ್ಲ.

ನುಗ್ಗಿದ.

ಚಿಕ್ಕ ಕಾರಿನವನು ಕನ್ನಡಿಯಲ್ಲಿ ಇವನ ಲೈಟು ನೋಡಿರಬೇಕು. ಕಿಟಕಿಯಿಂದ ಕೈ ಆಚೆ ಹಾಕಿದ. ಅಂಗೈ ಕೆಳಗೆ ಮಾಡಿ, ಗಾಳಿಯನ್ನು ತಟ್ಟುವ ಹಾಗೆ... ಹೀಗೆ... ಹೀಗೆ.

"ಅಣ್ಣ, ಅವ್ರು ಹೆಲ್ಪ್ ಕೇಳ್ತಿದ್ದಾರೆ," ಅಂದಳು ರಶ್ಮಿತಾ. "ನಿಲ್ಸು."

"ನಿಲ್ಸಿದ್ರೆ ನಮ್ದೇ ಹೋಗತ್ತೆ, ಯಾರ್. ಬೈಠೀ ರಹ್, ಸುಮ್ನೆ ಕೂತ್ಕೋ."

ಅವಳಿಗೆ ಅರ್ಥವಾಗಿರಲಿಲ್ಲ. ಇವನಿಗೆ ಆಗಿತ್ತು. ಅವನು ಸಹಾಯ ಕೇಳಿರಲಿಲ್ಲ, ನಿಲ್ಲಿಸು ಅಂತಲೂ ಅಂದಿರಲಿಲ್ಲ. ನಿಧಾನ... ಅಂದಿದ್ದ. ಅಷ್ಟೇ.

ಪಕ್ಕದಲ್ಲಿ ಹಾದುಹೋದ. ಸ್ವಾ... ಅಂತ ಅಲೆ ಎದ್ದು ಚಿಕ್ಕ ಕಾರಿನ ಬಾನೆಟ್ ಹತ್ತಿ ಗಾಜಿಗೆ ಬಡಿಯಿತು. ಕೈ ಒಳಗೆ ಹೋಯಿತು. ಗಾಜು ಮೇಲೇರಿತು. ನೀರು ಮೈಮೇಲೆ ಬಂದಾಗ ಯಾರೇ ಆದರೂ ಅದನ್ನೇ ಮಾಡುತ್ತಾರೆ. ಶ್ರವಣ್ ಆಚೆ ದಿಬ್ಬ ಹತ್ತಿದಾಗ ಹಿಂದಿನಿಂದ ಆ ಸದ್ದು ಬಂತು. ಚಿರ್... ಚಿರ್... ಖಟ್. ಮತ್ತೆ... ಖಟ್. ಕನ್ನಡಿಯಲ್ಲಿ ನೋಡಿದ. ಲೈಟು ಒಂದು ಸಲ ಮಿಣುಕಿ ಆರಿತು.

"ಯಾರಾದ್ರೂ ಬರ್ತಾರೆ, ತಳ್ತಾರೆ," ಅಂದ ತಂಗಿಗೆ. ಮನೆಗೆ ಬಂದು ಅನ್ನ ಸಾರು ಉಂಡ.

ಯಾರೂ ಬರಲಿಲ್ಲ. ಮಳೆ ಬಂತು. ನೀರು ಏರಿತು. ಬ್ಯಾಟರಿಯಿಂದ ಏರಿಳಿಯುವ ಗಾಜು ಮತ್ತೆ ಇಳಿಯಲಿಲ್ಲ, ನೀರಿನ ಒತ್ತಡಕ್ಕೆ ಬಾಗಿಲು ತೆಗೆಯಲಿಲ್ಲ. ಬೆಳಗ್ಗೆ ಕ್ರೇನ್ ತಂದು ಎತ್ತಿದಾಗ ಗಾಜುಗಳೆಲ್ಲ ಮುಚ್ಚಿಯೇ ಇದ್ದವು. ಒಳಗೆ ಚೆಂಡು ಹೂವು ತೇಲುತ್ತಿತ್ತು.

ಅವನ ಹೆಸರು ಓಂವೀರ್. ಹೆಂಡತಿ ರಾಜಬಾಲಾ, ಅದೇ ಮಂಡಿಯಲ್ಲಿ ಹಾರ ಕಟ್ಟುತ್ತಾಳೆ.

ಇಲಾಖೆಯವರು ಒಂದು ಸಾಲು ಬರೆದು ಕೈ ತೊಳೆದುಕೊಂಡರು: ಚಾಲಕನ ಸ್ವಂತ ಅಜಾಗರೂಕತೆ. ಪಂಪ್ ಕೆಟ್ಟು ಕೂತದ್ದು ಅಜಾಗರೂಕತೆ ಅಲ್ಲವಂತೆ. ಆ ಒಂದು ಸಾಲು ಮಂಡಿಗೆ ಹೋಗುವಷ್ಟರಲ್ಲಿ "ಕುಡಿದಿದ್ದ" ಅಂತಾಯಿತು. ಬುದ್ಧಿ ಇದ್ದವನು ಆ ನೀರಿಗೆ ಇಳಿಯುತ್ತಾನಾ, ಕುಡಿದೇ ಇದ್ದ. ಜೀವಮಾನದಲ್ಲಿ ಹನಿ ಮುಟ್ಟದವನು. ಅವನ ಸ್ವಂತ ತಮ್ಮನೇ ಅತ್ತಿಗೆಯ ಎದುರು ಹಾಗಂದ.

ನಾವು ಸೊಸೈಟಿಯವರು ಸುಮ್ಮನಿರಲಿಲ್ಲ. ಅಂಡರ್‌ಪಾಸ್ ಬಾಯಲ್ಲೇ ಧರಣಿ ಕೂತೆವು. ಓಂವೀರ್‌ನ ಫೋಟೋ ದೊಡ್ಡದು ಮಾಡಿಸಿ ಹಲಗೆಗೆ ಅಂಟಿಸಿದೆ. ಎತ್ತರದ ಹುಡುಗ ಬೇಕಿತ್ತು. ಶ್ರವಣ್‌ನ ಕೈಗೆ ಕೊಟ್ಟು ಮುಂದೆ ನಿಲ್ಲಿಸಿದೆ. ನಾನು ಕೂಗಿದೆ, "ಓಂವೀರ್ ಕೋ ಕಿಸ್ ನೇ ಮಾರಾ?" ಓಂವೀರ್‌ನನ್ನು ಕೊಂದವರು ಯಾರು ಅಂತ ಎಲ್ಲರೂ ಕೂಗಿದರು. ಅವನೂ ಕೂಗಿದ. ಮಳೆ ನೀರು ಫೋಟೋದ ಮೇಲಿಂದ ಅವನ ತೋಳಿಗೆ ಇಳಿಯುತ್ತಿತ್ತು. ಹಲಗೆ ನಡುಗುತ್ತಿತ್ತು. ಭಾರಕ್ಕೆ ಅಂದುಕೊಂಡೆ.

"ಸುಸ್ತಾಯ್ತೇನೋ? ಬೇರೆಯವರಿಗೆ ಕೊಡು."

"ಇಲ್ಲ ಆಂಟಿ. ನಾನೇ ಹಿಡ್ಕೊಳ್ತೀನಿ."

ಸಂಜೆಯವರೆಗೂ ಹಿಡಿದುಕೊಂಡಿದ್ದ.

ಆಮೇಲೆ ಆಟಿ ತಿಂಗಳು ಬಂತು. ಕರಾವಳಿಯವರ ಲೆಕ್ಕದಲ್ಲಿ ಅದು ಸತ್ತವರಿಗೆ ಬಡಿಸುವ ತಿಂಗಳು. ನಮ್ಮ ಕಡೆ ಮಹಾಲಯಕ್ಕೆ ಎಡೆ ಇಡುತ್ತೇವಲ್ಲ, ಹಾಗೆ. ಅವರು ಅಗೆಲು ಅನ್ನುತ್ತಾರೆ. ಮನೆಯಲ್ಲಿ ತೀರಿಕೊಂಡ ಒಬ್ಬೊಬ್ಬರ ಹೆಸರು ಹಿಡಿದು ಬಾಳೆಎಲೆ ಹಾಕಿ, ಕೋಳಿ, ರೊಟ್ಟಿ, ಮೀನು ಬಡಿಸಿ, ಲೋಟದಲ್ಲಿ ನೀರಿಟ್ಟು, ದೀಪ ಹಚ್ಚಿ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬಂದು ನಿಲ್ಲುತ್ತಾರೆ. ಸತ್ತವರು ಉಣ್ಣುವುದನ್ನು ನಾವು ನೋಡಬಾರದು. ಸ್ವಲ್ಪ ಹೊತ್ತು ಬಿಟ್ಟು, ಬಾಗಿಲು ತಟ್ಟಿ, ಕೆಮ್ಮಿ, ಒಳಗೆ ಹೋಗಬೇಕು.

ಶ್ರವಣ್‌ನ ತಾಯಿ ಲೋಲಾಕ್ಷಿ, ನಮ್ಮ ಲೋಲಕ್ಕ, ದಿಲ್ಲಿಗೆ ಬಂದು ಇಷ್ಟು ವರ್ಷವಾದರೂ ಇದನ್ನು ಬಿಟ್ಟವರಲ್ಲ. ಮಂಡಿಯಿಂದ ಬಾಳೆಎಲೆ ತರಿಸುತ್ತಾರೆ. ಸಸ್ಯಾಹಾರಿ ಅಂತ ನನಗೆ ಬೇರೆ ಪಾತ್ರೆಯಲ್ಲಿ ಪಾಯಸ. ಆ ರಾತ್ರಿ ನಾನೂ ಅವರ ಜೊತೆ ಕಾರಿಡಾರಿನಲ್ಲಿ ನಿಂತಿದ್ದೆ. ಆದದ್ದನ್ನು ಕಿವಿಯಾರೆ ಕೇಳಿದ್ದೇನೆ.

ಎಲ್ಲರೂ ಹೊರಗೆ ಬಂದ ಮೇಲೆ ಶ್ರವಣ್ ಕೊನೆಗೆ ಬಂದ. "ಏನೋ ಅಷ್ಟೊತ್ತು?" ಅಂದರು ಜಯಾನಂದಣ್ಣ.

ಬಾಗಿಲು ಮುಚ್ಚಿತ್ತು. ಲಿಫ್ಟ್ ಕೆಳಗೆಲ್ಲೋ ಗುಂಯ್ ಅಂದು ನಿಂತಿತು. ಆಮೇಲೆ ಏನೂ ಇಲ್ಲ...

ಒಳಗಿನಿಂದ ಬಂತು. ಗುಟುಕ್.

ರಶ್ಮಿತಾ ನನ್ನ ಕೈ ಹಿಡಿದುಕೊಂಡಳು.

ಗುಟುಕ್... ಗುಟುಕ್... ಗುಟುಕ್. ಬಾಯಾರಿದವನು ಉಸಿರು ಬಿಡದೆ ಕುಡಿಯುವ ಹಾಗೆ. ಆಮೇಲೆ ಸ್ಟೀಲ್ ಲೋಟ ನೆಲಕ್ಕೆ ತಾಗಿದ ಸದ್ದು. ಟಣ್.

ಲೋಲಕ್ಕ ಬಾಗಿಲು ತಟ್ಟಿ ತೆಗೆದರು. ಎಲೆಗಳೆಲ್ಲ ಇಟ್ಟ ಹಾಗೇ ಇದ್ದವು. ಅಜ್ಜನದು, ಅಜ್ಜಿಯದು, ದೊಡ್ಡಪ್ಪನದು. ಆದರೆ ವಾಷಿಂಗ್ ಮೆಷಿನ್ನಿನ ಪಕ್ಕದ ಮೂಲೆಯಲ್ಲಿ ಇನ್ನೊಂದು ಎಲೆ ಇತ್ತು. ಅದನ್ನು ಲೋಲಕ್ಕ ಹಾಕಿರಲಿಲ್ಲ. ಅನ್ನ ಇತ್ತು, ಸಾರು ಇತ್ತು, ಲೋಟ ಮಾತ್ರ ಖಾಲಿ. ಎಲೆಯ ಮುಂದೆ ಒಬ್ಬರು ಕೂರುವಷ್ಟು ನೆಲ ಒದ್ದೆ. ಕೆಸರು ವಾಸನೆ.

"ಇದು ಯಾರಿಗೆ?" ಲೋಲಕ್ಕನ ದನಿ ಮೇಲೇಳಲಿಲ್ಲ.

ಮಗನ ಕಡೆ ತಿರುಗಿದರು.

"ಶ್ರವಣ್. ಹೆಸರು ಹೇಳಿ ಬಡಿಸಿದ್ಯಾ?"

"ಹ್ಞೂಂ."

"ನಮ್ಮವರಲ್ಲದವರಿಗೆ ಹಾಗೆಲ್ಲ ಬಡಿಸಬಾರ್ದು ಮಗಾ. ಕರೆದು ಬಡಿಸಿದ್ಮೇಲೆ ಹೋಗು ಅನ್ನೋಕಾಗಲ್ಲ."

"ಸಾರಿ ಅಮ್ಮ."

ಯಾರ ಹೆಸರು ಅಂತ ಆಕೆ ಕೇಳಲಿಲ್ಲ. ತಾಯಿ... ಕೇಳಲು ಹೆದರಿದಳು ಅಂತ ನನಗೆ ಆಮೇಲೆ ಗೊತ್ತಾಯಿತು. ಹುಡುಗ ತಪ್ಪು ತೀರಿಸಿಕೊಳ್ಳಲು ಮಾಡಿದ್ದು ಅದು. ಕದ್ದು ಒಂದು ಎಲೆ ಹಾಕಿದರೆ ಲೆಕ್ಕ ಮುಗಿಯುತ್ತದೆ ಅಂದುಕೊಂಡಿದ್ದ. ಓದಿದ ನಾವೆಲ್ಲ ಹೀಗೇ. ಬಾಯಿ ಬಿಡುವ ಬದಲು ಬಡಿಸುತ್ತೇವೆ.

ಅಲ್ಲಿಂದ ಶುರುವಾಯಿತು.

ಮಳೆ ಹೋಯಿತು. ಸೆಪ್ಟೆಂಬರ್ ಕೊನೆ, ಬಿರುಬಿಸಿಲು. ಕಾರು ಕೆಮ್ಮುತ್ತದೆ ಅಂತ ಮೆಕ್ಯಾನಿಕ್ ಹತ್ತಿರ ಒಯ್ದ. ಬಾನೆಟ್ ತೆಗೆದು ಗಾಳಿ ಸೋಸುವ ಡಬ್ಬಿ ಬಿಚ್ಚಿ ಒಳಗಿನ ಫಿಲ್ಟರ್ ಹಿಂಡಿದರೆ ನೀರು. "ಭಯ್ಯಾ, ಯಮುನಾ ಮೇ ಚಲಾ ರಹೇ ಥೇ ಕ್ಯಾ?" ಯಮುನಾ ನದಿಯಲ್ಲೇ ಓಡಿಸುತ್ತಿದ್ದಿರಾ ಅಂತ ನಕ್ಕ ಮೆಕ್ಯಾನಿಕ್. ಫಿಲ್ಟರಿನ ಮಡಿಕೆಯೊಳಗೆ ಚೆಂಡು ಹೂವಿನ ಎಸಳು ಸಿಕ್ಕಿಕೊಂಡಿತ್ತು. ಜುಲೈನದೇ ಇರಬಹುದು ಅಂದುಕೊಂಡ. ಹೊಸ ಫಿಲ್ಟರ್ ಹಾಕಿಸಿದ. ಆ ದಪ್ಪ ಕೊಳವೆಯನ್ನೂ ತೆಗೆಸಿ, ಕಂಪನಿಯವರು ಕೊಟ್ಟ ಹಳೆಯ ಕೊಳವೆಯನ್ನೇ ಮೇಲೆ ಕೂರಿಸಿದ.

ಮತ್ತೆ ಕೆಮ್ಮಿತು. ಮತ್ತೆ ಬಿಚ್ಚಿದರು. ಮತ್ತೆ ನೀರು. ಮತ್ತೆ ಎಸಳು... ಬಾಡಿರಲಿಲ್ಲ. ಈ ಸಲ ಮೆಕ್ಯಾನಿಕ್ ನಗಲಿಲ್ಲ. "ಬೇರೆ ಕಡೆ ತೋರಿಸಿ" ಅಂದ.

ಅಂದಿನಿಂದ ಕಾರು ಆಲದ ಕೆಳಗೆ. ಬ್ಯಾಟರಿ ಬಿಚ್ಚಿಟ್ಟು ನಡೆಯಲು ಶುರು ಮಾಡಿದ. ಒಣ ನೆಲದಲ್ಲಿ ಆ ಕಾರಿನ ಮೂಗಿನ ಕೆಳಗೆ ಮಾತ್ರ ಸದಾ ಒದ್ದೆ. ಬೀದಿ ನಾಯಿಗಳು ಬಂದು ನೆಕ್ಕುತ್ತಿದ್ದವು. ನಾನೇ ನೋಡಿದ್ದೇನೆ.

ಈಗ ಮೊದಲು ಹೇಳಿದ ರಾತ್ರಿಗೆ ಬರುತ್ತೇನೆ.

ಚಿರ್... ಚಿರ್... ಖಟ್. ಅವನು ಕಾರಿನ ಹತ್ತಿರ ಹೋದ. ಗಾಜುಗಳೆಲ್ಲ ಒಳಗಿನಿಂದ ಮಂಜು ಕಟ್ಟಿದ್ದವು, ಒಳಗೆ ಯಾರೋ ಬಹಳ ಹೊತ್ತಿನಿಂದ ಉಸಿರಾಡುತ್ತಿರುವ ಹಾಗೆ. ಮೊಬೈಲ್ ಬೆಳಕು ಹಿಡಿದ. ಡ್ರೈವರ್ ಕಡೆಯ ಗಾಜಿನ ಮಂಜಿನ ಮೇಲೆ ಒಂದು ಅಂಗೈ ಒತ್ತಿತು. ಎತ್ತಿತು. ಸ್ವಲ್ಪ ಕೆಳಗೆ ಒತ್ತಿತು. ಮತ್ತೆ ಎತ್ತಿತು... ಗಾಳಿಯನ್ನು ತಟ್ಟುವ ಹಾಗೆ.

"ಭಾಯ್‌ಸಾಬ್..." ಅಂದ ಶ್ರವಣ್.

ದನಿ ಬಂದದ್ದು ಒಳಗಿನಿಂದಲ್ಲ. ಕಿವಿಯ ಪಕ್ಕದಲ್ಲೇ ಬಂತಂತೆ. ಬೈಗುಳ ಅಲ್ಲ, ಕೋಪವೂ ಇಲ್ಲ. ನಿಧಾನ ಹೋಗು ಅಂತ ಮಗುವಿಗೆ ಹೇಳುವ ಹಾಗೆ.

"ಧೀರೇ... ಧೀರೇ ಚಲ್, ಬೇಟಾ."

ಓಡಲು ಹೊರಟರೆ ಕಾಲು ಬರಲಿಲ್ಲ. ಸೊಂಟದವರೆಗೆ ನೀರಿದ್ದರೆ ಹೇಗೆ ನಡೆಯುತ್ತೇವೋ ಹಾಗೆ ಒಂದೊಂದೇ ಹೆಜ್ಜೆ ಎಳೆದು ಗೇಟು ಮುಟ್ಟಿದ. ಮನೆಗೆ ಹೋಗಲಿಲ್ಲ. ನನ್ನ ಬಾಗಿಲು ತಟ್ಟಿದ.

ತೆಗೆದೆ. ಪ್ಯಾಂಟು ಸೊಂಟದವರೆಗೆ ಒದ್ದೆ.

"ಏನೋ ಇದು?"

"ಆಂಟಿ... ಆವತ್ತು ಕೇಳಿದ್ರಲ್ಲ. ಕಿಸ್ ನೇ ಮಾರಾ ಅಂತ."

ಅಡುಗೆಮನೆಯ ನೆಲದ ಮೇಲೆ ಕೂತು ಎಲ್ಲ ಹೇಳಿದ. ಅಲೆ, ಕೈ, ಗಾಜು, ಕನ್ನಡಿಯಲ್ಲಿ ಆರಿದ ಲೈಟು. ನನಗೆ ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬಂತು. ಆ ಫೋಟೋ ಹಿಡಿದು ಸಂಜೆಯವರೆಗೆ ನಿಂತಿದ್ದನಲ್ಲ ಇವನು.

"ಒಂದು ಫೋನ್ ಮಾಡಬಹುದಿತ್ತಲ್ಲೋ. ಆಚೆ ದಂಡೆ ಸೇರಿದ ಮೇಲಾದರೂ."

"ಮಾಡಬಹುದಿತ್ತು."

ಅಷ್ಟೇ ಅಂದ. ನೆವ ಹೇಳಿದ್ದರೆ ಬಾರಿಸುತ್ತಿದ್ದೆ.

"ರಾಜಬಾಲಾ ಹತ್ತಿರ ಹೋಗಿ ಹೇಳು," ಅಂದೆ. "ನನ್ನ ಅಡುಗೆಮನೆಯಲ್ಲಿ ಅಳಬೇಡ."

ಮಾರನೆಯ ಬೆಳಗ್ಗೆ ಮಂಡಿಗೆ ಕರೆದುಕೊಂಡು ಹೋದೆ. ಹಬ್ಬದ ವ್ಯಾಪಾರ, ಎಲ್ಲೆಲ್ಲೂ ಹೂವಿನ ರಾಶಿ. ಆಕೆ ಗೋಣಿಯ ಮೇಲೆ ಕೂತು ಹಾರ ಕಟ್ಟುತ್ತಿದ್ದಳು. ಅವನು ಎದುರು ಕುಕ್ಕರಗಾಲಲ್ಲಿ ಕೂತು ಹಿಂದಿಯಲ್ಲಿ ಎಲ್ಲ ಹೇಳಿದ. ಸೂಜಿ ನಿಲ್ಲಲಿಲ್ಲ. ಕೊನೆಗೆ ತಲೆ ಎತ್ತಿದಳು.

"ಕೈ ಹೇಗೆ ಮಾಡಿದರು... ತೋರಿಸು."

ತೋರಿಸಿದ.

"ನನಗೂ ಹಾಗೇ ಮಾಡುತ್ತಿದ್ದರು," ಅಂದಳು. "ನಾನು ಜೋರಾಗಿ ಮಾತಾಡಿದಾಗೆಲ್ಲ."

ಮತ್ತೆ ಹೂವು ಪೋಣಿಸಿದಳು. ಹಾರದ ತುದಿಗೆ ಗಂಟು ಹಾಕಿದಳು. ಆಮೇಲೆ ಅಂದಳು, "ನನಗೆ ಹೇಳಿ ನಿನ್ನ ಎದೆ ಹಗುರ ಮಾಡಿಕೊಂಡೆ. ಅವರು ಕುಡಿಯುತ್ತಿರಲಿಲ್ಲ ಅಂತ ನನಗೆ ಗೊತ್ತೇ ಇತ್ತು. ಗೊತ್ತಿಲ್ಲದವರಿಗೆ ಹೇಳು. ಪೊಲೀಸರಿಗೆ ಹೇಳು. ಬರೆಸು."

"ನಾಳೆ ಹೋಗ್ತೀನಿ," ಅಂದ.

ನಾಳೆ ಬಂತು, ಹೋಗಲಿಲ್ಲ. ಜಯಾನಂದಣ್ಣನಿಗೆ ಗೊತ್ತಾಗಿತ್ತು. ನನ್ನ ಮನೆಗೆ ಬಂದು ನಿಂತೇ ಮಾತಾಡಿದರು. "ಮೇಡಂ, ನಿಮ್ಮ ಹೋರಾಟಕ್ಕೆ ನನ್ನ ಮಗನೇ ಬೇಕಾ? ಕೇಸ್ ಮುಗಿದಿದೆ. ಸತ್ತವನು ಸತ್ತ. ಇವನನ್ನ ಜೈಲಿಗೆ ಕಳಿಸಿದ್ರೆ ಅವನು ಎದ್ದು ಬರ್ತಾನಾ?"

"ಎದ್ದು ಬಂದಿದ್ದಾನೆ ಜಯಾನಂದಣ್ಣ. ನಿಮ್ಮ ಕಾರಿನಲ್ಲಿ ಕೂತಿದ್ದಾನೆ."

"ಹಾಗಾದ್ರೆ ಕಾರನ್ನೇ ಕಳಿಸ್ತೀನಿ," ಅಂದರು.

ಕಳಿಸಿದರು. ಗುಜರಿಯವನು ಲಾರಿ ತಂದು, ಇಂಜಿನ್ ಶುರು ಮಾಡದೆ, ಕೊಂಡಿ ಹಾಕಿ ಎಳೆದುಕೊಂಡು ಹೋದ. ಆಲದ ಕೆಳಗಿನ ಜಾಗ ಖಾಲಿಯಾಯಿತು.

ಆ ರಾತ್ರಿ ನಾನು ಬಾಲ್ಕನಿಯಲ್ಲಿದ್ದೆ. ಎದುರು ಬಾಲ್ಕನಿಯಲ್ಲಿ ಲೋಲಕ್ಕ. ಇಬ್ಬರಿಗೂ ನಿದ್ದೆ ಇಲ್ಲ. ಬೀದಿ ದೀಪದ ಬೆಳಕಿನಲ್ಲಿ ಆ ಖಾಲಿ ಜಾಗ ಕಾಣುತ್ತಿತ್ತು.

ಚಿರ್... ಚಿರ್... ಚಿರ್...

ಅಲ್ಲಿ ಏನೂ ಇರಲಿಲ್ಲ. ಮಣ್ಣು. ಒಣ ಎಲೆ. ಅಷ್ಟೇ.

ಖಟ್.

ಲೋಲಕ್ಕ ಎದ್ದು ಒಳಗೆ ಹೋದರು. ಅವರ ಮನೆಯ ದೀಪ ಹತ್ತಿತು. ಬಾಗಿಲು, ಕಿಟಕಿ ಎಲ್ಲ ತೆರೆದಿತ್ತು, ಮಾತು ನನಗೆ ಪೂರ್ತಿ ಕೇಳಿಸಿತು. ಮಗನನ್ನು ಎಬ್ಬಿಸಿದರು. ಗಂಡನನ್ನೂ. ಗದರಲಿಲ್ಲ.

"ಆವತ್ತು ಎಲೆ ಹಾಕಿದ್ದು ಇವನಿಗೆ ಅಲ್ವಾ?"

"ಹ್ಞೂಂ ಅಮ್ಮ."

"ಅವನು ನೀರು ಕುಡ್ದಿದ್ದಾನೆ. ನಮ್ಮನೇಲಿ, ನಮ್ಮ ಅಜ್ಜನ ಜೊತೆ ಕೂತು. ಇನ್ನು ಅವನು ಹೊರಗಿನವನಲ್ಲ ಮಗಾ, ಈ ಮನೆಯವನು. ಈ ಮನೆಯವನನ್ನ ಊರೆಲ್ಲ ಕುಡುಕ ಅಂತಿದೆ. ಸುಮ್ನಿರ್ತೀಯಾ?"

"ಲೋಲಾಕ್ಷಿ, ಬಾಯಿ ಮುಚ್ಚು," ಅಂದರು ಜಯಾನಂದಣ್ಣ.

"ನಿಮ್ಮಪ್ಪನಿಗೆ ಯಾರಾದ್ರೂ ಹಾಗಂದಿದ್ರೆ ನೀವು ಮುಚ್ತಿದ್ರಾ?"

ಒಳಗೊಂದು ಬಾಗಿಲು ದಡ್ ಅಂತ ಹಾಕಿಕೊಂಡಿತು. ಫ್ಯಾನ್ ಕಿರ್... ಕಿರ್... ಅಂತ ತಿರುಗುತ್ತಿತ್ತು.

ಬೆಳಗ್ಗೆ ನನ್ನ ಬಾಗಿಲು ತಟ್ಟಿದ ಶ್ರವಣ್. ಸ್ನಾನ ಮಾಡಿ ಇಸ್ತ್ರಿ ಶರ್ಟ್ ಹಾಕಿದ್ದ. ಹಿಂದೆ ರಶ್ಮಿತಾ. "ನಾನೂ ಕಾರಲ್ಲಿದ್ದೆ ಆಂಟಿ. ನಾನೂ ನೋಡಿದೀನಿ. ನಾನೂ ಹೇಳ್ತೀನಿ," ಅಂದಳು.

ಠಾಣೆಯಲ್ಲಿ ಬರೆದುಕೊಳ್ಳಲೇ ಒಪ್ಪಲಿಲ್ಲ. ಮುಗಿದ ಕೇಸಂತೆ. "ಮೇಡಂ, ಹುಡುಗನ ಲೈಫ್ ಯಾಕೆ ಹಾಳು ಮಾಡ್ತೀರಿ?" ಅಂತ ನನಗೇ ಬುದ್ಧಿ ಹೇಳಿದರು. ಸತ್ಯ ಹೇಳಲು ಬಂದವನನ್ನು ಮನೆಗೆ ಕಳಿಸುವ ಊರು ಇದು. ನಾವು ಬೆಂಚಿನಿಂದ ಏಳಲಿಲ್ಲ. ಕತ್ತಲಾಗುವ ಹೊತ್ತಿಗೆ ಬರೆದುಕೊಂಡರು. ಚಿಕ್ಕ ಕಾರು ಸರಿಯಾಗಿ, ನಿಧಾನವಾಗಿ ಹೋಗುತ್ತಿತ್ತು. ನಾನು ಜೋರಾಗಿ ನುಗ್ಗಿ ಅಲೆ ಎಬ್ಬಿಸಿದೆ. ಆತ ನಿಧಾನ ಅಂತ ಕೈ ತೋರಿಸಿದ. ನಾನು ನೋಡಿಯೂ ಕಾಲು ಎತ್ತಲಿಲ್ಲ. ನಿಲ್ಲಲಿಲ್ಲ. ಯಾರಿಗೂ ತಿಳಿಸಲಿಲ್ಲ. ಶ್ರವಣ್ ಸಹಿ ಹಾಕಿದ.

ಈಗ ಕೇಸ್ ನಡೆಯುತ್ತಿದೆ. ತಾರೀಖಿನ ಮೇಲೆ ತಾರೀಖು. ಇಲಾಖೆಯವರಿಗೆ ಹಬ್ಬ, ಎಲ್ಲ ತಪ್ಪೂ ಹೋಟೆಲಿನವರ ಮಗನದೇ ಅಂತಾಯಿತಲ್ಲ. ಪಂಪ್ ಇವತ್ತಿಗೂ ಓಡುವುದಿಲ್ಲ, ಅದಕ್ಕೆ ನಾನು ಬಿಡುವುದೂ ಇಲ್ಲ. ಆದರೆ ಮಂಡಿಯಲ್ಲಿ "ಕುಡಿದಿದ್ದ" ಅನ್ನುವ ಮಾತು ನಿಂತಿತು. ಓಂವೀರ್‌ನ ತಮ್ಮ ಅತ್ತಿಗೆಯ ಕಾಲಿಗೆ ಬಿದ್ದನಂತೆ.

ಜಯಾನಂದಣ್ಣ ಈಗಲೂ ನನ್ನ ಜೊತೆ ಮಾತಾಡುವುದಿಲ್ಲ. ಹೋಟೆಲಿಗೆ ಹೋದರೆ ದೋಸೆ ಕೊಡುತ್ತಾರೆ, ಮುಖ ಕೊಡುವುದಿಲ್ಲ. ಶ್ರವಣ್ ಇನ್ನೂ ನಡೆಯುತ್ತಾನೆ. ಮಳೆ ಬಂದ ರಾತ್ರಿ ಆ ಅಂಡರ್‌ಪಾಸ್ ಬಾಯಲ್ಲಿ ರೇನ್‌ಕೋಟ್ ಹಾಕಿ ನಿಂತು, ಬರುವ ಕಾರುಗಳಿಗೆ ಅಂಗೈ ಕೆಳಗೆ ಮಾಡಿ ತೋರಿಸುತ್ತಾನೆ. ಕೆಲವರು ನಿಲ್ಲಿಸುತ್ತಾರೆ. ಕೆಲವರು ನೀರೆರಚಿ ಹೋಗುತ್ತಾರೆ. ನಾನು ಒಮ್ಮೆ ಕೇಳಿದೆ, "ಇದರಿಂದ ಸಮಾಧಾನ ಆಗತ್ತೇನೋ?" "ಇಲ್ಲ ಆಂಟಿ," ಅಂದ.

ಈ ವರ್ಷ ಆಟಿಯಲ್ಲಿ ಓಂವೀರ್‌ನ ಎಲೆಯನ್ನು ಲೋಲಕ್ಕನೇ ಹಾಕಿದರು. ಮೂಲೆಯಲ್ಲಲ್ಲ, ಅಜ್ಜನ ಪಕ್ಕ. ಮಾಂಸ ಮೀನು ಮುಟ್ಟದ ಮನುಷ್ಯ ಅಂತ ರಾಜಬಾಲಾ ಹೇಳಿದ್ದಳಂತೆ, ಅವನಿಗೆ ನನ್ನ ಪಾತ್ರೆಯ ಪಾಯಸ. ಬಾಗಿಲು ಮುಚ್ಚಿ ನಿಂತೆವು. ಯಾವ ಸದ್ದೂ ಬರಲಿಲ್ಲ. ಆ ರಾತ್ರಿ ಮಳೆ ಹಿಡಿಯಿತು. ಹೋದ ವರ್ಷದಂಥದೇ ಮಳೆ.

ಬೆಳಗ್ಗೆ ಹಾಲು ತರಲು ಕೆಳಗಿಳಿದೆ. ಇನ್ನೂ ಸುರಿಯುತ್ತಿತ್ತು. ಗೇಟಿನ ಆಚೆ ಪಾದ ಮುಳುಗುವ ನೀರು. ಆಲದ ಕೆಳಗೆ ನೋಡಿದೆ.

ಆ ಜಾಗ ಒಣಗಿತ್ತು.

ಸುತ್ತ ನೀರು ಹರಿಯುತ್ತಿತ್ತು. ನಡುವೆ, ನಾಲ್ಕು ಮೂಲೆ ಕತ್ತರಿಸಿದ ಹಾಗೆ, ಒಂದು ಕಾರಿನಷ್ಟು ನೆಲ ಒಣ. ಧೂಳು ಹಾಗೇ ಕೂತಿತ್ತು. ಮರದ ನೆರಳಿಗೆ ಅನ್ನಬೇಡ ಪ್ರಜ್ವಲ್, ಮರ ಮೂಲೆ ಹಿಡಿದು ಮಳೆ ತಡೆಯುತ್ತದಾ? ಹಾಲಿನ ಭಯ್ಯಾನೂ ನೋಡಿದ್ದಾನೆ, ಕೇಳು. ಶ್ರವಣ್‌ನ ಕಾರು ಉದ್ದದ್ದು. ಆ ಒಣ ಜಾಗ ಅಷ್ಟು ಉದ್ದವಿಲ್ಲ. ಚಿಕ್ಕ ಕಾರಿನದು.

ನಮ್ಮ ಸೊಸೈಟಿಯಲ್ಲಿ ಪಾರ್ಕಿಂಗ್‌ಗಾಗಿ ತಲೆ ಒಡೆದುಕೊಂಡಿದ್ದಾರೆ, ನಿಮಗೆ ಗೊತ್ತು. ಕಳೆದ ತಿಂಗಳೂ ಪೊಲೀಸರು ಬಂದಿದ್ದರು. ಆ ಜಾಗ ಮಾತ್ರ ಖಾಲಿ ಬಿದ್ದಿದೆ. ಯಾರೂ ಬೋರ್ಡ್ ಹಾಕಿಲ್ಲ, ಯಾರೂ ಬೇಡ ಅಂದಿಲ್ಲ.

ಈಗ ಮಳೆ ಬರುತ್ತಿದೆ. ನಾನು ಸುಳ್ಳು ಹೇಳುವವಳಲ್ಲ. ಇಳಿದು ಹೋಗಿ ಕೈ ಇಟ್ಟು ನೋಡಿ.